ಕೋಡಿ ಎತ್ತರಿಸಿದ ವರ್ಷ

ಬಾಗನಕಟ್ಟೆಯ ಕೆರೆ ಏರಿ ಒಡೆದದ್ದು ಎಪ್ಪತ್ತೆಂಟರ ಮಳೆಗಾಲದಲ್ಲಿ, ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೆ. ತುಂಬಿದ ಕೆರೆಯ ಹೆಚ್ಚಿನ ನೀರು ಹೊರಗೆ ಹೋಗಬೇಕಾದ ಕೋಡಿ ಬಹಳ ಕಿರಿದಾಗಿತ್ತು. ಮೇಲಿಂದ ಬಂದ ನೀರನ್ನು ಅದು ತಾಳಲಿಲ್ಲ. ನೀರು ಏರಿಯ ಮೇಲೇ ಹತ್ತಿ, ಮಣ್ಣು ಕರಗಿಸಿ, ಊರಿನ ಕೆಳಕೇರಿಯ ಮೇಲೆ ಬಿತ್ತು. ಕೆಳಕೇರಿಯ ದ್ಯಾಮಮ್ಮ ತೊಟ್ಟಿಲಲ್ಲಿದ್ದ ಮೊಮ್ಮಗಳನ್ನು ಎತ್ತಿಕೊಂಡು ಬರುತ್ತೇನೆಂದು ಒಳಗೆ ಹೋದವಳು ಬರಿಗೈಯಲ್ಲಿ ಹೊರಗೆ ಬಂದಳು.

ಅಂದಿನಿಂದ ಪಂಚಾಯ್ತಿ ಚೇರ್ಮನ್ ಓಂಕಾರಮೂರ್ತಿಗೆ ಕೆರೆಯದೇ ಧ್ಯಾನವಾಯಿತು. ಅಜ್ಜಂಪುರ, ತರೀಕೆರೆ, ಚಿಕ್ಕಮಗಳೂರು ಅಂತ ಕಚೇರಿಯಿಂದ ಕಚೇರಿಗೆ ಅಲೆದು ಚಪ್ಪಲಿ ಸವೆಸಿದ. ಕೊನೆಗೆ ಎಂಬತ್ತನೇ ಇಸವಿಯಲ್ಲಿ ಗಂಗಾಧರಯ್ಯ ಎಂಬ ಇಂಜಿನಿಯರು ಊರಿಗೆ ಬಂದಿಳಿದಾಗ ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟವಳು ಓಂಕಾರಮೂರ್ತಿಯ ಹೆಂಡತಿ ಕರಿಬಸಮ್ಮ. ದ್ಯಾಮಮ್ಮ ಕೆಸರಿನಲ್ಲಿ ಮಂಡಿಯೂರಿ ಕುಳಿತು ಕೂಗುತ್ತಿದ್ದುದನ್ನು ಅವಳು ಕಣ್ಣಾರೆ ಕಂಡಿದ್ದಳು. ಇಂಜಿನಿಯರು, ಅವರ ಜೊತೆಯ ಅಳತೆಯವರು, ಎಲ್ಲರಿಗೂ ಅವಳ ಮನೆಯಲ್ಲೇ ಊಟ. ರೊಟ್ಟಿ ಬಡಿದು ಬಡಿದು ಅಂಗೈ ಕೆಂಪಾದರೂ ಅವಳು ಬೇಸರಿಸಲಿಲ್ಲ.

ಕರಿಬಸಮ್ಮನ ತವರು ಕಾಡಿಗನಹಳ್ಳಿ. ಅದು ಅದೇ ಕೆರೆಯ ಮೇಲುಗಡೆಯ ಊರು. ಬಾಗನಕಟ್ಟೆ ಏರಿಯ ಕೆಳಗೆ, ಕಾಡಿಗನಹಳ್ಳಿ ನೀರು ಬಂದು ಸೇರುವ ಕಡೆ, ನಡುವೆ ಕೆರೆ. ಕೆರೆ ಒಂದೇ ಆದರೂ ತಾಲ್ಲೂಕು ಎರಡು: ಇವರು ಕಂದಾಯ ಕಟ್ಟುವುದು ತರೀಕೆರೆಗೆ, ಅವರು ಕಡೂರಿಗೆ. ಏರಿ ಮೇಲೆ ನಿಂತರೆ ತವರಿನ ಒಲೆಹೊಗೆ ಕಾಣುತ್ತಿತ್ತು. ಅಪ್ಪ ಸತ್ತಾಗ ಅವಳಿನ್ನೂ ಚಿಕ್ಕವಳು. ಅಣ್ಣ ಜಯದೇವಪ್ಪ ಸ್ಕೂಲು ಬಿಟ್ಟು ನೇಗಿಲು ಹಿಡಿದು, ತಾನು ಮದುವೆಯಾಗುವ ಮೊದಲು ಅವಳಿಗೆ ಮದುವೆ ಮಾಡಿದ್ದ. ಅವ್ವ ತೀರಿಕೊಂಡ ಮೇಲೆ ಕೆರೆಯಂಚಿನ ತಮ್ಮ ಹೊಲದಲ್ಲೇ, ಹೊಂಗೆಮರದ ಹತ್ತಿರ, ಸಮಾಧಿ ಮಾಡಿದ್ದರು.

ಇಂಜಿನಿಯರು ಮೊದಲು ಹೇಳಿದ ಯೋಜನೆ ಸರಳವಾಗಿತ್ತು. ಏರಿಗೆ ಮಣ್ಣು ಹಾಕಿ ಗಟ್ಟಿ ಮಾಡುವುದು, ಕೋಡಿಯನ್ನು ಅಗಲ ಮಾಡುವುದು. ಎಂಥಾ ಮಳೆ ಬಂದರೂ ನೀರು ಸರಾಗವಾಗಿ ಹೊರಗೆ ಹೋಗುತ್ತದೆ, ಊರಿಗೆ ಭಯವಿಲ್ಲ. ಊಟಕ್ಕೆ ಕುಳಿತಾಗ ಓಂಕಾರಮೂರ್ತಿ ಇನ್ನೊಂದು ಮಾತು ಸೇರಿಸಿದ.

"ಸ್ವಾಮಿ, ಹೆಂಗಿದ್ರೂ ಕೋಡಿ ಹೊಸದಾಗಿ ಕಟ್ತೀರಿ. ಅಗಲದ ಜೊತೆಗೆ ಒಂದೆರಡು ವರಸೆ ಕಲ್ಲು ಎತ್ತರಾನೂ ಮಾಡ್ಬಿಡಿ. ನೀರು ಬೇಸಿಗೆವರೆಗೂ ನಿಲ್ಲುತ್ತೆ. ನಮ್ಮ ಜನ ಎರಡನೇ ಬೆಳೆ ಭತ್ತ ಕಾಣ್ತಾರೆ."

ಗಂಗಾಧರಯ್ಯ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. "ಮಾಡ್ಬಹುದು. ಆದ್ರೆ ಕೋಡಿ ಎತ್ತರವಾದಷ್ಟೂ ನೀರು ಮೇಲುಗಡೆ ಹೊಲಗಳಿಗೆ ಹತ್ತುತ್ತೆ. ಕಾಡಿಗನಹಳ್ಳಿಯವರು ಒಪ್ಪಬೇಕು. ಒಂದು ದಿನ ಇಲ್ಲೇ ಚಾವಡಿಯಲ್ಲಿ ಎರಡೂ ಊರವರನ್ನ ಕೂರಿಸಿ ಕೇಳೋಣ."

"ಅದಕ್ಕೇನಂತೆ! ಅದು ನಮ್ಮ ಮನೆಯವಳ ತವರೂರು. ನಾನೇ ಹೇಳಿ ಕಳಿಸ್ತೀನಿ," ಎಂದ ಓಂಕಾರಮೂರ್ತಿ.

ಮಾರನೆಯ ದಿನ ಅಳತೆಯವರಿಗೆ ಬುತ್ತಿ ಹೊತ್ತುಕೊಂಡು ಹೋದ ಕರಿಬಸಮ್ಮ, ನೀರು ಎಲ್ಲಿಯವರೆಗೆ ಬರಬಹುದೆಂದು ಅವರು ನೆಟ್ಟಿದ್ದ ಗೂಟಗಳನ್ನು ನೋಡಿದಳು. ಕೆರೆಯಂಚಿನುದ್ದಕ್ಕೂ ನೆಟ್ಟುಕೊಂಡು ಹೋಗಿದ್ದರು. ಒಂದು ಗೂಟ ಅಣ್ಣನ ಹೊಲದೊಳಗಿತ್ತು. ಅದು ಅವ್ವನ ಸಮಾಧಿಯನ್ನೂ ದಾಟಿ ಮೇಲುಗಡೆಗಿತ್ತು.

ಸಂಜೆ ಗಂಡನನ್ನು ಕೇಳಿದಳು. "ಅಣ್ಣನ ಹೊಲ ಮುಳುಗುತ್ತಾ?"

"ಗೂಟ ಹೊಡೆದ ಕಡೆಗೆಲ್ಲ ನೀರು ಬರುತ್ತಾ? ಹತ್ತು ವರ್ಷಕ್ಕೊಂದ್ಸಲ ಬಂದ್ರೆ ಬಂತು."

"ಹಂಗಾದ್ರೆ ಅವರಿಗೆ ಹೇಳಿ ಕಳ್ಸಿ. ಕೂತು ಮಾತಾಡ್ಲಿ."

ಓಂಕಾರಮೂರ್ತಿ ದನಿ ತಗ್ಗಿಸಿದ. "ನೋಡೇ, ನಿಮ್ಮ ತವರೂರಿನ ಆ ಕೆಂಚಪ್ಪ ಬಂದು ಚಾವಡೀಲಿ ಬಾಯಿ ಮಾಡ್ದ ಅಂದ್ರೆ ಇಡೀ ಕೆಲಸ ನಿಲ್ಲುತ್ತೆ. ಮತ್ತೆ ಏರಿ ಒಡೆದ್ರೆ? ದ್ಯಾಮಮ್ಮನ ಮೊಮ್ಮಗಳನ್ನ ನೆನಸ್ಕೊ. ಕೆಲಸ ಮುಗೀಲಿ, ಆಮೇಲೆ ನಿಮ್ಮಣ್ಣನ ನಷ್ಟ ನಾನು ತುಂಬ್ತೀನಿ. ಅಲ್ಲಿಗಂಟ ನೀನು ಬಾಯಿ ಬಿಡಬ್ಯಾಡ."

ಕೋಡಿ ಅಗಲವಾದರೆ ಊರು ಉಳಿಯುತ್ತದೆ, ಎತ್ತರವಾದರೆ ಗದ್ದೆ ಬೆಳೆಯುತ್ತದೆ, ಎರಡೂ ಬೇರೆ ಬೇರೆ. ಅಷ್ಟು ಅವಳಿಗೆ ತಿಳಿಯುತ್ತಿತ್ತು. ಸತ್ತ ಮಗುವಿನ ಹೆಸರು ಹೇಳಿ ಗಂಡ ಎರಡನ್ನೂ ಒಂದೇ ಗಂಟು ಕಟ್ಟಿದ್ದ. ಅದನ್ನು ಬಿಚ್ಚಬಹುದಿತ್ತು. ಬಿಚ್ಚಲಿಲ್ಲ. ಯಾಕೆಂದರೆ ಎರಡನೇ ಬೆಳೆ ಅವಳಿಗೂ ಬೇಕಾಗಿತ್ತು. ಬೇಸಿಗೆಯಲ್ಲೂ ಹಸಿರಾಗಿರುವ ಗದ್ದೆ, ಕಣದಲ್ಲಿ ಎರಡು ಸಲ ರಾಶಿ. ಆ ಚಿತ್ರ ಅವಳ ಮನಸ್ಸಿನಲ್ಲಿ ಆಗಲೇ ಮನೆ ಮಾಡಿತ್ತು.

ಚಾವಡಿ ಸಭೆಗೆ ಕೆಲವು ದಿನ ಮುಂಚೆ, ಅಜ್ಜಂಪುರದ ಸಂತೆಯಿಂದ ಬರುತ್ತಾ ಜಯದೇವಪ್ಪ ತಂಗಿಯ ಮನೆಗೆ ಬಂದ. ಯಾವಾಗಲೂ ಹಾಗೆಯೇ, ಸಂತೆಯಲ್ಲಿ ಕೊಂಡ ಕಾರಮಂಡಕ್ಕಿಯಲ್ಲಿ ಅರ್ಧ ಅವಳಿಗೆ. ಓಂಕಾರಮೂರ್ತಿ ಮನೆಯಲ್ಲಿರಲಿಲ್ಲ.

"ಕರಿಬಸೀ, ಒಂದು ಮಾತು ಕೇಳಣ ಅಂತ ಬಂದೆ," ಎಂದ ಮಜ್ಜಿಗೆ ಕುಡಿಯುತ್ತಾ. "ನಿಮ್ಮೂರವರು ಕೋಡಿ ಎತ್ತರ ಮಾಡುಸ್ತಾರಂತೆ, ನಮ್ಮ ಹೊಲಕ್ಕೆಲ್ಲ ನೀರು ನುಗ್ಗುತ್ತಂತೆ ಅಂತ ಸಂತೇಲಿ ಯಾರೋ ಅಂದ್ರು. ಹೊಲದಲ್ಲಿ ಗೂಟಾನೂ ಹೊಡೆದವ್ರೆ. ನಿಜವೇನವ್ವ?"

"ಅಯ್ಯೋ, ಇಲ್ಲ ಕಣಣ್ಣ. ಕೋಡಿ ಅಗಲ ಮಾಡ್ತಾರೆ ಅಷ್ಟೇ. ಗೂಟ ಬರೀ ಅಳತೆಗೆ."

ಮಾತು ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಆಶ್ಚರ್ಯವಾಯಿತು. ಜಯದೇವಪ್ಪನ ಮುಖ ಹಗುರವಾಯಿತು.

"ನಾನೂ ಅದೇ ಅಂದೆ. ಆ ಕೆಂಚಪ್ಪ ಊರೋರನ್ನೆಲ್ಲ ಕಟ್ಕೊಂಡು ಕೆಲಸ ಮಾಡುಸೋ ತರೀಕೆರೆ ಕಚೇರಿಗೇ ಹೋಗಿ ಅರ್ಜಿ ಕೊಡಣ ಅಂತ ಕುಣೀತಿದ್ದ. ತಡಿಯೋ, ಇಂಜಿನಿಯರು ಊಟ ಮಾಡೋದೇ ನಮ್ಮ ತಂಗಿ ಮನೇಲಿ, ಅವಳನ್ನ ಕೇಳ್ಕೊಂಡು ಬತ್ತೀನಿ ಅಂತ ನಿಲ್ಲಿಸಿ ಬಂದೆ. ಈಗ ಹೋಗಿ ಹೇಳ್ತೀನಿ, ಸುಮ್ನೆ ಬಿದ್ದಿರ್ರೋ ಅಂತ."

ಅವನು ಏರಿ ಹತ್ತಿ ಹೋಗುವುದನ್ನು ಅವಳು ಬಾಗಿಲಲ್ಲಿ ನಿಂತು ನೋಡಿದಳು. ಕೂಗಿ ಕರೆದಿದ್ದರೆ ಕೇಳಿಸುತ್ತಿತ್ತು.

ಚಾವಡಿ ಸಭೆಯ ದಿನ ಕಾಡಿಗನಹಳ್ಳಿಯಿಂದ ಒಬ್ಬರೂ ಬರಲಿಲ್ಲ. ಕಂಬದ ಹಿಂದೆ ಹೆಂಗಸರ ಜೊತೆ ನಿಂತಿದ್ದ ಕರಿಬಸಮ್ಮನಿಗೆ ಗಂಗಾಧರಯ್ಯನವರ ಮಾತು ಸ್ಪಷ್ಟವಾಗಿ ಕೇಳಿಸಿತು.

"ಮೇಲುಗಡೆ ಊರವರು ಯಾಕೆ ಬಂದಿಲ್ಲ?"

"ಹೇಳಿ ಕಳಿಸಿದ್ದೆ ಸ್ವಾಮಿ. ಅವರದೇನೂ ತಕರಾರಿಲ್ಲ."

ಇಂಜಿನಿಯರು ಸ್ವಲ್ಪ ಹೊತ್ತು ಕಾದರು. ಆಮೇಲೆ ನಕ್ಷೆ ಸುತ್ತಿಟ್ಟರು.

ಕೆಲಸ ಮುಗಿಯಲು ಎರಡು ಬೇಸಿಗೆ ಹಿಡಿಯಿತು. ಎಂಬತ್ತೆರಡರ ಹಿಂಗಾರು ಮಳೆ ಜೋರಾಗಿ ಹೊಡೆಯಿತು. ಊರವರೆಲ್ಲ ಏರಿ ಮೇಲೆ ನಿಂತಿದ್ದರು. ಏರಿ ಅಲ್ಲಾಡಲಿಲ್ಲ. ಹೊಸ ಕೋಡಿಯ ಮೇಲೆ ನೀರು ಬಿಳೀ ಪಂಚೆ ಹಾಸಿದ ಹಾಗೆ ಅಗಲವಾಗಿ ಇಳಿದು ಹಳ್ಳ ಸೇರಿತು. ಹೆಂಗಸರು ಕೆರೆಗೆ ಬಾಗಿನ ಬಿಟ್ಟರು. ದ್ಯಾಮಮ್ಮ ಬಂದು ಕರಿಬಸಮ್ಮನ ಎರಡೂ ಕೈ ಹಿಡಿದುಕೊಂಡಳು.

"ನಿನ್ನ ಗಂಡ ಊರು ಉಳಿಸ್ದ ಕಣವ್ವಾ. ನಿಮ್ಮ ಹೊಟ್ಟೆ ತಣ್ಣಗಿರ್ಲಿ."

ಆ ಕೈಗಳನ್ನು ಬಿಡಿಸಿಕೊಳ್ಳಲೂ ಆಗದೆ ಹಿಡಿದುಕೊಳ್ಳಲೂ ಆಗದೆ ಕರಿಬಸಮ್ಮ ನಿಂತಿದ್ದಳು. ದ್ಯಾಮಮ್ಮನ ಹೆಗಲ ಆಚೆಗೆ ಅವಳಿಗೆ ಕೆರೆಯ ಆ ದಡ ಕಾಣುತ್ತಿತ್ತು. ದಡ ಇರಬೇಕಾದ ಜಾಗದಲ್ಲಿ ಇರಲಿಲ್ಲ. ಹೊಂಗೆಮರ ನೀರಿನ ನಡುವೆ ನಿಂತಿತ್ತು.

ಕೀಳಲು ಬಂದಿದ್ದ ಈರುಳ್ಳಿ ನೀರಿನಡಿ ಕೊಳೆಯಿತು. ಗಾಳಿ ಈ ಕಡೆಗೆ ಬೀಸಿದಾಗ ಆ ನಾತ ಬಾಗನಕಟ್ಟೆಗೂ ಬರುತ್ತಿತ್ತು. ಊರವರು ಮೂಗು ಮುಚ್ಚಿಕೊಂಡು, "ಇದೇನು ಹಾಳು ವಾಸನೆ" ಎನ್ನುತ್ತಿದ್ದರು. ಕರಿಬಸಮ್ಮ ಮೂಗು ಮುಚ್ಚಿಕೊಳ್ಳಲಿಲ್ಲ. ಅಷ್ಟನ್ನಾದರೂ ಅನುಭವಿಸಬೇಕು ಅನ್ನಿಸುತ್ತಿತ್ತು ಅವಳಿಗೆ. ಅಣ್ಣನ ಮನೆಗೆ ಹೋಗುವ ಧೈರ್ಯ ಮಾತ್ರ ಬರಲಿಲ್ಲ. ಇವತ್ತು ನೆಂಟರು, ನಾಳೆ ಕುಯ್ಲು ಎಂದು ತನಗೆ ತಾನೇ ನೆಪ ಹೇಳಿಕೊಂಡಳು. ಬೇಸಿಗೆಯಲ್ಲಿ ಎರಡನೇ ಬೆಳೆಯ ಭತ್ತ ಮನೆಗೆ ಬಂತು. ಹೊಸ ಅಕ್ಕಿಯ ಅನ್ನ ಮಾಡಿ ಎಲ್ಲರಿಗೂ ಬಡಿಸಿ, ತಾನು ಒಳಗೆ ಹಳೇ ರಾಗಿಮುದ್ದೆ ಉಂಡಳು. ಗಂಡ ನೋಡಿದ, ಕೇಳಲಿಲ್ಲ. ನಷ್ಟ ತುಂಬಿಕೊಡುವ ಮಾತನ್ನು ಅವನು ಮತ್ತೆ ಎತ್ತಲೇ ಇಲ್ಲ.

ಅಣ್ಣನೇ ಬಂದು ಬೈದಿದ್ದರೆ ಚೆನ್ನಾಗಿತ್ತು. ಅವನು ಬರಲಿಲ್ಲ. ಬಂದವಳು ಅತ್ತಿಗೆ ಮಲ್ಲಿಕಾಂಬ, ಒಬ್ಬಳೇ, ಬಿಸಿಲಲ್ಲಿ ನಡೆದುಕೊಂಡು. ಒಳಗೆ ಕರೆದರೂ ಬರದೆ ಜಗಲಿಯ ಮೇಲೆ ಕುಳಿತಳು. ನೀರು ಕೊಟ್ಟರೆ ಪಕ್ಕಕ್ಕಿಟ್ಟಳು.

"ನಮ್ಮೂರಲ್ಲಿ ಏನು ನಡೀತಿದೆ ಗೊತ್ತಾ?" ಎಂದಳು. "ಬಾವಮೈದ ಇಬ್ಬರೂ ಒಂದಾಗಿ ಊರು ಮುಳುಗಿಸಿದ್ರು, ಚೇರ್ಮನ್ ಕೈಲಿ ಜಯದೇವಪ್ಪ ಎಷ್ಟು ಈಸ್ಕೊಂಡ್ನೋ ಅಂತ ಕೆಂಚಪ್ಪ ಮಠದ ಜಗಲೀಲಿ ಕೂತು ಕೂಗ್ತಾನೆ. ಅರ್ಜಿ ಕೊಡಕ್ಕೆ ಹೊರಟೋರನ್ನ ತಡೆದೋನು ನಿಮ್ಮಣ್ಣ ತಾನೆ? ಈಗ ಮುಯ್ಯಿಗೆ ಮುಯ್ಯಿ ದುಡಿಯೋ ಆಳೂ ನಮ್ಮ ಹೊಲಕ್ಕೆ ಬರಲ್ಲ. ಮಠದ ಕೆಲಸಕ್ಕೆ ಅವರನ್ನ ಯಾರೂ ಕರಿಯಲ್ಲ. ನಮ್ಮ ಹೊಲಾನೂ ಮುಳುಗಿಲ್ವಾ ಅಂದ್ರೆ, ಅದು ನಾಟಕ ಅಂತಾರೆ."

ಕರಿಬಸಮ್ಮನಿಗೆ ಹೊಲ ಮುಳುಗಿದ್ದು ಗೊತ್ತಿತ್ತು. ಇದು ಗೊತ್ತಿರಲಿಲ್ಲ.

"ನಾನು ಕೇಳಕ್ಕೆ ಬಂದದ್ದು ಒಂದೇ ಮಾತು," ಎಂದಳು ಮಲ್ಲಿಕಾಂಬ. "ಅವತ್ತು ನಿಮ್ಮಣ್ಣ ಬಂದು ಕೇಳಿದಾಗ, ನಿನಗೆ ಗೊತ್ತಿತ್ತಾ?"

ಸುಳ್ಳು ನಾಲಿಗೆಯ ತುದಿಗೆ ಮತ್ತೆ ಬಂತು, ಅವತ್ತಿನ ಹಾಗೆಯೇ ಸಲೀಸಾಗಿ. ಕರಿಬಸಮ್ಮ ಅದನ್ನು ನುಂಗಿದಳು.

"ಗೊತ್ತಿತ್ತು ಅತ್ತಿಗೆ."

ಮಲ್ಲಿಕಾಂಬ ಸಿಟ್ಟಾದಂತೆ ಕಾಣಲಿಲ್ಲ, ದಣಿದಂತೆ ಕಂಡಳು. "ಪಾಪ ನನ್ನ ತಂಗಿಗೂ ಮೋಸ ಮಾಡವ್ರೆ, ಅವಳಿಗೆ ಗೊತ್ತಿದ್ರೆ ನನಗೆ ಹೇಳದೇ ಇರ್ತಿದ್ಲಾ ಅಂತ ಇವತ್ತಿಗೂ ನನ್ನ ಹತ್ರ ಜಗಳಾಡ್ತಾರೆ ನಿಮ್ಮಣ್ಣ," ಎಂದು ಎದ್ದು ಸೆರಗು ತಲೆಗೆ ಹೊದ್ದಳು. "ನಾನು ಹೇಳಲ್ಲ. ಹೇಳೋದು ನಿನಗೆ ಬಿಟ್ಟಿದ್ದು."

ಅದಾಗಿ ಕೆಲವೇ ದಿನದಲ್ಲಿ, ಕೆಂಚಪ್ಪನ ದೂರಿನ ಮೇಲೆ ಗಂಗಾಧರಯ್ಯ ಕಾಡಿಗನಹಳ್ಳಿಗೆ ಸ್ಥಳ ನೋಡಲು ಬರುತ್ತಾರೆಂಬ ಸುದ್ದಿ ಬಂತು. ಓಂಕಾರಮೂರ್ತಿ ಅಲ್ಲಿಗೆ ಹೋಗುವುದಿಲ್ಲವೆಂದ. ಅವನು ಗದ್ದೆಯ ಕಡೆ ಹೋದ ಮೇಲೆ ಕರಿಬಸಮ್ಮ ಬಾಗಿಲು ಮುಂದಕ್ಕೆ ಎಳೆದುಕೊಂಡು ಏರಿ ಹತ್ತಿದಳು. ದಾರಿ ಕೆರೆಯನ್ನು ಸುತ್ತಿಕೊಂಡು ಹೋಗುತ್ತದೆ. ಹಳೆಯ ಕಾಲುದಾರಿ ನೀರಿನಲ್ಲಿ ಮುಳುಗಿದ್ದರಿಂದ ಈಗ ಇನ್ನೂ ಸುತ್ತು. ಎರಡು ಸಲ ತಿರುಗಿ ಹೋಗೋಣ ಅಂದುಕೊಂಡಳು. ಅಣ್ಣನಿಗೆ ಮೊದಲು ಒಬ್ಬನಿಗೇ ಹೇಳಬೇಕೆಂದು ಮನೆಗೆ ಹೋದರೆ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು.

ಮಠದ ಮುಂದೆ ಊರೆಲ್ಲ ಸೇರಿತ್ತು. ಜಯದೇವಪ್ಪ ಎಲ್ಲರಿಂದ ಸ್ವಲ್ಪ ದೂರ, ಕಲ್ಲಿನ ಮೇಲೆ ಕುಳಿತಿದ್ದ. ತಲೆಯ ಕೂದಲು ಬೆಳ್ಳಗಾಗಿತ್ತು.

"ಈ ಊರವರಿಗೆ ತಿಳಿಸಿದೀವಿ, ತಕರಾರಿಲ್ಲ ಅಂತ ನನಗೆ ಹೇಳಿದ್ರಲ್ಲ," ಎನ್ನುತ್ತಿದ್ದರು ಗಂಗಾಧರಯ್ಯ.

"ನಮಗೆ ಯಾವನೂ ತಿಳಿಸಿಲ್ಲ ಸ್ವಾಮಿ!" ಕೆಂಚಪ್ಪ ಬೆರಳು ಚಾಚಿದ. "ಕೇಳಿ, ಅಗೋ ಅಲ್ಲಿ ಕೂತವ್ನಲ್ಲ, ಅವನ್ನ ಕೇಳಿ. ಹೊರಟೋರನ್ನ ಅಡ್ಡ ಹಾಕಿ ಕೂರಿಸ್ದ. ತಂಗಿ ಮನೆ ಗದ್ದೆ ಬೆಳೀಲಿ ಅಂತ ಊರಿನ ಹೊಲ ಮಾರ್ದ!"

ಜಯದೇವಪ್ಪ ತಲೆ ಎತ್ತಲಿಲ್ಲ. ಹೇಳಿ ಹೇಳಿ ಸಾಕಾದವನ ಹಾಗೆ ನೆಲ ನೋಡುತ್ತಿದ್ದ.

"ಅವನನ್ನ ಅನ್ನಬ್ಯಾಡ ಕೆಂಚಣ್ಣ," ಎಂದಳು ಕರಿಬಸಮ್ಮ. ಗಂಡಸರು ತಿರುಗಿ ನೋಡಿ ದಾರಿ ಬಿಟ್ಟರು. ಅವಳು ಮುಂದೆ ಬಂದು ನಿಂತಳು. "ನಮ್ಮಣ್ಣ ನನ್ನ ಮನೆಗೆ ಬಂದು ಕೇಳ್ದ. ಕೋಡಿ ಎತ್ತರ ಮಾಡ್ತಾರಾ ಅಂತ. ನಾನು ಇಲ್ಲ ಅಂದೆ. ಮಾಡ್ತಾರೆ ಅಂತ ನನಗೆ ಗೊತ್ತಿತ್ತು. ಗೂಟ ನಮ್ಮವ್ವನ ಸಮಾಧಿಯಿಂದ ಆಚೆಗೆ ಹೊಡೆದಿದ್ದನ್ನ ನಾನೇ ನೋಡಿದ್ದೆ. ನಮ್ಮನೆಯವರು ಹೇಳಬ್ಯಾಡ ಅಂದ್ರು, ನಿಜ. ಆದ್ರೆ ಹೇಳದೇ ಇದ್ದದ್ದು ಅವರ ಭಯಕ್ಕಲ್ಲ. ಭತ್ತ ನನಗೂ ಬೇಕಿತ್ತು. ನನ್ನ ಮಾತು ನಂಬಿ ಅವನು ನಿಮ್ಮನ್ನೆಲ್ಲ ತಡೆದ. ತಪ್ಪು ನಂದು."

ಕೆಂಚಪ್ಪನ ಬೆರಳು ತಾನಾಗಿ ಕೆಳಗಿಳಿಯಿತು. ಕರಿಬಸಮ್ಮ ಅಣ್ಣನ ಕಡೆ ನೋಡಿದಳು. ಜಯದೇವಪ್ಪ ತಲೆ ಎತ್ತಿದ್ದ. ಕೆಂಚಪ್ಪ ಊರಿನ ಹೊಲ ಮಾರಿದ ಅಂದಾಗ ಇಲ್ಲದ ನೋವು ಈಗ ಆ ಮುಖದಲ್ಲಿತ್ತು. ಇಷ್ಟು ದಿನ ಊರೆಲ್ಲ ಕೈಬಿಟ್ಟರೂ ಅವನು ಹಿಡಿದುಕೊಂಡಿದ್ದ ಒಂದೇ ಒಂದು ಆಸರೆಯನ್ನು, ನನ್ನ ತಂಗಿಗೆ ಗೊತ್ತಿರಲಿಲ್ಲ ಎಂಬ ಮಾತನ್ನು, ಅವಳೇ ಬಂದು ಎಲ್ಲರ ಮುಂದೆ ಕಿತ್ತುಕೊಂಡಿದ್ದಳು. ಅವನು ಎದ್ದು, ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ.

"ಬಿಸಿಲಾಯ್ತು. ಮನೆಗೆ ಹೋಗವ್ವ," ಎಂದ. ಅಷ್ಟೇ. ಹೊಲದ ಕಡೆ ನಡೆದುಬಿಟ್ಟ.

ಗಂಗಾಧರಯ್ಯ ಕನ್ನಡಕ ತೆಗೆದು ಒರೆಸಿದರು. "ಅವತ್ತು ನಾನೇ ಈ ಊರಿಗೆ ಒಂದ್ಸಲ ಬಂದು ಕೇಳಿದ್ರೆ ಆಗ್ತಿತ್ತು," ಎಂದರು ಯಾರಿಗೆಂದಿಲ್ಲದೆ. ಆಮೇಲೆ ಕೆಲಸದ ಮಾತಿಗೆ ಬಂದರು. ಕೋಡಿಯ ಅಗಲ ಹಾಗೇ ಇರಲಿ, ಅದು ಪ್ರವಾಹಕ್ಕೆ ಬೇಕು. ಎತ್ತರಿಸಿದ ಕಲ್ಲಿನ ವರಸೆಗಳನ್ನು ತೆಗೆಸುತ್ತೇನೆ, ಮೇಲಿನವರಿಗೆ ನಾನೇ ಬರೆಯುತ್ತೇನೆ ಎಂದರು.

ಸುದ್ದಿ ಅವಳಿಗಿಂತ ಮೊದಲೇ ಬಾಗನಕಟ್ಟೆ ಮುಟ್ಟಿತ್ತು. ಓಂಕಾರಮೂರ್ತಿ ಜಗಲಿಯ ಮೇಲೆ ನಿಂತಿದ್ದ.

"ಉಂಡ ಮನೆಗೆ ಎರಡು ಬಗೆದೆಯಲ್ಲೇ."

"ಹುಟ್ಟಿದ ಮನೆಗೆ ಆಗ್ಲೇ ಬಗೆದಿದ್ದೆ," ಎಂದಳು ಕರಿಬಸಮ್ಮ. "ನಮ್ಮೂರ ಕೋಡಿ ಅಗಲವಾಗೇ ಇರುತ್ತೆ. ದ್ಯಾಮಮ್ಮನಿಗೆ ಭಯ ಇಲ್ಲ. ಹೋಗೋದು ಎರಡನೇ ಬೆಳೆ ಒಂದೇ."

ಅವನು ಅವಳ ಜೊತೆ ಬಹಳ ತಿಂಗಳು ಮಾತು ಬಿಟ್ಟ. ಊರಲ್ಲೂ ಅಷ್ಟೇ. ಗದ್ದೆಯಿದ್ದವರ ಹೆಂಡಿರು ಅವಳನ್ನು ಕಂಡರೆ ಬಿಂದಿಗೆ ಎತ್ತಿಕೊಂಡು ಬೇರೆ ದಾರಿ ಹಿಡಿಯುತ್ತಿದ್ದರು. ದ್ಯಾಮಮ್ಮ ಮಾತ್ರ ಮೊದಲಿನಂತೆಯೇ ಬಂದು ಹೊಸ್ತಿಲಲ್ಲಿ ಕುಳಿತು ಎಲೆ ಅಡಿಕೆ ಕೇಳುತ್ತಿದ್ದಳು. ಅವಳ ಮುಂದೆ ಕುಳಿತುಕೊಳ್ಳುವುದೇ ಕರಿಬಸಮ್ಮನಿಗೆ ಎಲ್ಲಕ್ಕಿಂತ ಕಷ್ಟವಾಗುತ್ತಿತ್ತು.

ಎಂಬತ್ತನಾಲ್ಕರ ಬೇಸಿಗೆಯಲ್ಲಿ ಕಲ್ಲು ತೆಗೆದರು. ಬಾಗನಕಟ್ಟೆಯಿಂದ ಯಾರೂ ಆ ಕೂಲಿಗೆ ಹೋಗಲಿಲ್ಲ. ಕಾಡಿಗನಹಳ್ಳಿಯವರೇ ಹಾರೆ ತಂದು ಎಬ್ಬಿದರು. ಜಯದೇವಪ್ಪ ಮತ್ತು ಕೆಂಚಪ್ಪ ಒಂದೇ ಕಲ್ಲಿಗೆ ಎರಡು ಕಡೆಯಿಂದ ಹಾರೆ ಕೊಡುವುದನ್ನು ಕರಿಬಸಮ್ಮ ದೂರದಿಂದ ನೋಡಿದಳು. ನೀರು ಇಳಿಯಿತು. ಹೊಲ ಸಿಕ್ಕಿತು, ಆದರೆ ಮೇಲೆಲ್ಲ ಕೆರೆಯ ಜಿಗಟು ಗೋಡುಮಣ್ಣು ಗಟ್ಟಿಯಾಗಿ ಕೂತು ಎರೆಭೂಮಿ ಬಿರುಕು ಬಿಟ್ಟಿತ್ತು. ಈರುಳ್ಳಿ ಮೊದಲಿನಂತೆ ಬರಲು ವರ್ಷಗಳೇ ಬೇಕಾದವು. ಹೊಂಗೆಮರ ಒಣಗಿಹೋಗಿತ್ತು. ಅವ್ವನ ಸಮಾಧಿಯ ಕಲ್ಲು ಒಂದು ಕಡೆಗೆ ವಾಲಿ ಅರ್ಧ ಹೂತುಹೋಗಿತ್ತು. ಮಲ್ಲಿಕಾಂಬ ಹೇಳಿಕಳಿಸಿದ್ದರಿಂದ ಕರಿಬಸಮ್ಮ ಹೋದಳು. ಅಣ್ಣ ತಂಗಿ ಮಾತಿಲ್ಲದೆ ಕೆಸರು ತೆಗೆದು, ಕಲ್ಲು ನೆಟ್ಟಗೆ ನಿಲ್ಲಿಸಿ, ವಿಭೂತಿ ಹಚ್ಚಿದರು. ಅವಳು ಕಲ್ಲಿಗೆ ಹಣೆ ಹಚ್ಚಿ ಅತ್ತಳು. ಅವನು ಅಳು ನಿಲ್ಲುವವರೆಗೂ ಕಾದು, ಕೈ ತೊಳೆದುಕೊಳ್ಳಲು ತಂಬಿಗೆ ನೀರು ಮುಂದೆ ಮಾಡಿದ.

ಅದಾದ ಮೇಲೆ ಹೋಗಿ ಬರುವುದು ಮತ್ತೆ ಶುರುವಾಯಿತು. ಆ ವರ್ಷದ ಗೌರಿ ಹಬ್ಬಕ್ಕೆ ಜಯದೇವಪ್ಪ ಬಾಗಿನ ಹಿಡಿದುಕೊಂಡು ಬಂದ. ಓಂಕಾರಮೂರ್ತಿಯೂ "ಬನ್ನಿ ಬಾವ" ಎಂದು ಚಾಪೆ ಹಾಸಿದ. ಮಳೆ, ಬೆಳೆ, ಅಜ್ಜಂಪುರದ ಈರುಳ್ಳಿ ಧಾರಣೆ ಎಲ್ಲ ಮಾತಾಡಿದರು. ಹೋಳಿಗೆ ಚೆನ್ನಾಗಿದೆ ಎಂದು ಜಯದೇವಪ್ಪ ಎರಡು ಸಲ ಹಾಕಿಸಿಕೊಂಡ. ಕರಿಬಸಮ್ಮನ ಎದೆ ಎಷ್ಟೋ ಕಾಲದ ಮೇಲೆ ಸ್ವಲ್ಪ ಹಗುರವಾಯಿತು.

ಊಟವಾದ ಮೇಲೆ ಅವನು ಯಾವುದೋ ಕೆಲಸಕ್ಕೆ ಶಿವನಿ ಊರಿಗೆ ಹೋಗಬೇಕೆಂದು ಎದ್ದ.

"ಮಧ್ಯಾಹ್ನದ ಬಸ್ಸು ಆಗ್ಲೇ ಹೋಯ್ತು ಕಣಣ್ಣ," ಎಂದಳು ಅವಳು. "ಈಗ ತಾನೆ ಹಾರ್ನ್ ಕೇಳಿಸ್ತು. ಸಂಜೆ ಬಸ್ಸಿಗೆ ಹೋದ್ರಾಯ್ತು, ಕೂತ್ಕೋ."

"ಹೌದಾ," ಎಂದ ಜಯದೇವಪ್ಪ. ಸ್ವಲ್ಪ ಹೊತ್ತು ಕೂತ. ಆಮೇಲೆ, ಬಾಯಲ್ಲಿದ್ದ ಎಲೆ ಅಡಿಕೆ ಉಗುಳಿ ಬರುತ್ತೇನೆಂದು ಹೊರಗೆ ಹೋದ. ಕಿಟಕಿಯಿಂದ ಅವಳಿಗೆ ಕಾಣುತ್ತಿತ್ತು, ಮಾತೂ ಕೇಳಿಸುತ್ತಿತ್ತು. ಅವನು ರಸ್ತೆಯವರೆಗೂ ನಡೆದು ಹೋಗಿ, ಅಲ್ಲಿ ಎತ್ತು ಹೊಡೆದುಕೊಂಡು ಬರುತ್ತಿದ್ದವನೊಬ್ಬನನ್ನು ನಿಲ್ಲಿಸಿ, ಶಿವನಿ ಬಸ್ಸು ಹೋಯಿತೇ ಎಂದು ಕೇಳುತ್ತಿದ್ದ.